ಕೋರ್ಟು ಕೇಳಿದ ಹೆಸರು

ನನ್ನ ಮಗಳು ಆರ್ಮಿಂಡಾ ಬಿಳಿಯಳೋ ಕರಿಯಳೋ ಎಂದು ಹನ್ನೆರಡು ಮಂದಿ ಗಂಡಸರು ಬೆಂಚಿನ ಮೇಲೆ ಕೂತು ತೀರ್ಮಾನಿಸಬೇಕಾಗಿ ಬಂತು. ಉತ್ತರದವರಿಗೂ ದಕ್ಷಿಣದವರಿಗೂ ನಡೆದ ಯುದ್ಧ ಮುಗಿದು, ನಮಗೆ ಗುಲಾಮಗಿರಿಯಿಂದ ಬಿಡುಗಡೆಯಾಗಿ ಹದಿಮೂರು ವರ್ಷ ಕಳೆದಿತ್ತು. ಅಲಬಾಮಾದ ಹೊಲಗಳಲ್ಲಿ ಹತ್ತಿ ಒಡೆಯುವ ಕಾಲ. ಅಳಿಯ ಐಶಮ್ ಕುಲುಮೆಯಲ್ಲಿ ಹೇಸರಗತ್ತೆಗೆ ಲಾಳ ಹೊಡೆಯುತ್ತಿದ್ದಾಗ ಶೆರೀಫ್ ಬಂದು ನಿಂತ. ಎರಡು ಕಾಲಿಗೆ ಲಾಳ ಆಗಿತ್ತು, ಇನ್ನೆರಡು ಬಾಕಿ ಇತ್ತು. ಮುಗಿಸಿಬಿಡು ಎಂದು ಶೆರೀಫನೇ ಹೇಳಿದನಂತೆ, ಯಾಕೆಂದರೆ ಕತ್ತೆ ಅವನ ತಮ್ಮನದು. ಆಮೇಲೆ ಐಶಮ್‌ನನ್ನು ಕರೆದುಕೊಂಡು ಮನೆಗೆ ಬಂದು, ಹಿಟ್ಟು ಕಲಸುತ್ತಿದ್ದ ಆರ್ಮಿಂಡಾಳನ್ನೂ ಹೊರಡಿಸಿದ.

ಆಪಾದನೆ ಏನೆಂದು ವಕೀಲರು ನನಗೆ ಬಿಡಿಸಿ ಹೇಳಬೇಕಾಯಿತು. ಬಿಳಿ ಹೆಂಗಸೂ ಕರಿ ಗಂಡಸೂ ಮದುವೆಯಾಗಿ ಒಂದೇ ಸೂರಿನಡಿ ಬಾಳುವುದು ಅಪರಾಧ. ಕೆಲವು ವರ್ಷದ ಹಿಂದೆ ಮೇಲಿನ ಕೋರ್ಟು ಅದು ಅಪರಾಧವಲ್ಲ ಎಂದಿತ್ತು. ಆಮೇಲೆ ಚುನಾವಣೆ ಬಂತು, ಹಳೆಯ ಧಣಿಗಳ ಪಕ್ಷ ಗೆದ್ದಿತು, ಕೋರ್ಟಿನ ಕುರ್ಚಿಗಳಲ್ಲಿ ಬೇರೆಯವರು ಕೂತರು, ಅದೇ ಕೋರ್ಟು ಹೌದು ಅಪರಾಧವೇ ಎಂದಿತು. ಆರ್ಮಿಂಡಾ ಬಿಳಿಯಳು ಎಂದು ತೀರ್ಪಾದರೆ ಮದುವೆ ಮುರಿಯುತ್ತದೆ, ಇಬ್ಬರಿಗೂ ಸೆರೆಮನೆ. ಬಣ್ಣದವಳು, ಅಂದರೆ ಕರಿಯರ ರಕ್ತದವಳು ಎಂದು ತೀರ್ಪಾದರೆ ಮದುವೆ ಗಟ್ಟಿ, ಮನೆಗೆ ಹೋಗಿ ಹಿಟ್ಟು ಕಲಸಬಹುದು.

ಹುಟ್ಟಿದಾಗಿನಿಂದ ನಾವು ಕಂಡ ಲೋಕದಲ್ಲಿ ಕರಿಯರಾಗಿದ್ದರೆ ಏನಾದರೂ ಕಳೆದುಕೊಳ್ಳುವುದೇ ಇತ್ತು. ಈಗ ಕರಿಯಳೆಂದು ರುಜುವಾತಾದರೆ ಉಳಿದುಕೊಳ್ಳುವುದು. ಇದನ್ನು ತಲೆಯೊಳಗೆ ತೂರಿಸಿಕೊಳ್ಳಲು ನನಗೆ ಸುಮಾರು ದಿನ ಹಿಡಿಯಿತು.

ಆ ಧಣಿಗಳ ಪಕ್ಷದವರಿಗೆ ಆರ್ಮಿಂಡಾಳ ಬಣ್ಣದ ಗೊಡವೆ ನಿಜವಾಗಿ ಇರಲಿಲ್ಲ. ಅವಳನ್ನು ಊರು ಚಿಕ್ಕಂದಿನಿಂದ ನೋಡಿದೆ. ಐಶಮ್‌ನ ಕುಲುಮೆ ಚುನಾವಣೆ ಹತ್ತಿರ ಬಂದಾಗ ಸಭೆ ಸೇರುವ ಜಾಗವಾಗಿತ್ತು. ಅವನ ಮಾತು ಕೇಳಿ ಮತ ಹಾಕುವವರು ನದಿಯಾಚೆಯ ಹೊಲಗಳಲ್ಲೂ ಇದ್ದರು. ಸೆರೆಮನೆ ಕಂಡವನಿಗೆ ಮತವಿಲ್ಲ. ಅಷ್ಟಕ್ಕೆ ನನ್ನ ಮಗಳ ಬೆಳ್ಳಗಿನ ಮುಖ ಅವರ ಕೈಗೆ ಸಿಕ್ಕಿತ್ತು.

ಜಾಮೀನಿನ ಮೇಲೆ ಇಬ್ಬರೂ ಮನೆಗೆ ಬಂದರು. ಅವರ ಹಿಂದೆಯೇ ವಕೀಲ ಡ್ಯಾಂಡ್ರಿಜ್ ಬಂದರು. ಅವರು ಯುದ್ಧದಲ್ಲಿ ದಕ್ಷಿಣದ ಪರವಾಗಿ ಹೋರಾಡಿದವರು. ಫಿರಂಗಿ ಸದ್ದಿಗೆ ಒಂದು ಕಿವಿ ಹೋಗಿತ್ತು. ನಮ್ಮ ಮೇಲೆ ಪ್ರೀತಿಯೇನೂ ಇರಲಿಲ್ಲ. ಶೆರೀಫನ ಮೇಲೆ ಹಳೆಯ ದ್ವೇಷವಿತ್ತು, ಅದೇ ನಮಗೆ ಸಾಕಾಯಿತು. ನಾನು ಬಿಳಿಯರ ಮನೆಗಳ ಬಟ್ಟೆ ಒಗೆಯುವ ಕೊಳಗದ ಪಕ್ಕ ನಿಂತು, ಕೇಳುವ ಕಿವಿಯನ್ನು ನನ್ನತ್ತ ತಿರುಗಿಸಿ, ತನಗೆ ಬೇಕಾದದ್ದು ಒಂದೇ ಮಾತು ಎಂದರು. ತಾಯಿ ಕೊಂಡ ಆಳಾಗಿದ್ದರೆ ಮಗುವೂ ಆಳು, ತಾಯಿ ಬಣ್ಣದವಳಾದರೆ ಮಗುವೂ ಬಣ್ಣದ್ದು. ಅಪ್ಪ ಯಾರಾದರೂ ಆಗಿರಲಿ. ನೀನು ಕಟಕಟೆಯಲ್ಲಿ ನಿಂತು ಅವಳು ನಿನ್ನವಳು ಎಂದುಬಿಡು, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ.

ಆರ್ಮಿಂಡಾ ಅಲ್ಲೇ ಇದ್ದಳು. "ಅಷ್ಟೇನಾ ವಕೀಲರೆ? ಇದಕ್ಕೇನು ಕಷ್ಟ, ನಮ್ಮವ್ವ ಇದನ್ನ ದಿನಕ್ಕೆ ಹತ್ತು ಸಲ ಹೇಳಿ ಬೈತಾಳೆ," ಎಂದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ.

ನನಗೆ ತಿಳಿದಿರುವುದು ಇಷ್ಟು. ಯುದ್ಧಕ್ಕೆ ಕೆಲವು ವರ್ಷ ಮುಂಚೆ, ಸ್ಟ್ಯಾಂಡಿಫರ್ ಧಣಿಯ ತೋಟದಲ್ಲಿ ನಾನು ಆಳಾಗಿದ್ದಾಗ, ನನಗೊಂದು ಹೆಣ್ಣು ಮಗು ಹುಟ್ಟಿತು. ಹೆಸರಿಡುವ ಮೊದಲೇ ಜ್ವರ ಬಂದು ತೀರಿಹೋಯಿತು. ಎದೆಯಲ್ಲಿ ಹಾಲು ಕಟ್ಟಿಕೊಂಡು ನಾನು ಗುಡಿಸಲಲ್ಲಿ ಬಿದ್ದಿದ್ದೆ. ಒಂದು ಮಧ್ಯಾಹ್ನ ಧಣಿಯ ಹೆಂಡತಿ, ಅಮ್ಮಾವ್ರೇ ಬಂದರು. ಆಳುಗಳ ಗುಡಿಸಲಿಗೆ ಅವರು ಕಾಲಿಟ್ಟದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ. ಶಾಲಿನಡಿಯಿಂದ ಒಂದು ಕೂಸನ್ನು ತೆಗೆದು ನನ್ನ ಮಡಿಲಿಗೆ ಹಾಕಿ, "ಇದು ನಿನ್ನದು, ಟೆಂಪಿ" ಎಂದರು. ಹೊರಗೆ ಹೋದವರು ಮತ್ತೆ ಒಳಗೆ ಬಂದು, "ನಿನ್ನದೇ" ಎಂದರು. ಅಷ್ಟೇ.

ಆ ತಿಂಗಳಲ್ಲೇ ದೊಡ್ಡಮನೆಯ ದಾಸಿ ರೊಸೆಟಾಳನ್ನು ಮೊಬೀಲ್ ಪಟ್ಟಣದ ವ್ಯಾಪಾರಿಗೆ ಮಾರಿದ್ದರು. ರೊಸೆಟಾ ನಮ್ಮವಳೇ ಆದರೂ ನೋಡಲು ಬೆಳ್ಳಗಿದ್ದಳು. ಆ ತಿಂಗಳಲ್ಲೇ ಅಮ್ಮಾವ್ರ ಮದುವೆಯಾಗದ ತಂಗಿ, ಎದೆನೋವೆಂದು ವರ್ಷವೆಲ್ಲ ಮಹಡಿಯ ಕೋಣೆಯಿಂದ ಇಳಿಯದವರು, ಹವಾ ಬದಲಾವಣೆಗೆಂದು ಜಾರ್ಜಿಯಾಕ್ಕೆ ಹೊರಟುಹೋದರು. ನಾನು ಎರಡೂ ಬದಿಗೆ ಎಷ್ಟು ಸಲ ಯೋಚಿಸಿದ್ದೇನೋ. ಮಗು ನಗುವಾಗ ರೊಸೆಟಾಳ ಗಲ್ಲ ಕಂಡಂತಾಗುತ್ತಿತ್ತು. ಮುನಿಸಿಕೊಂಡಾಗ ಆ ತಂಗಿ ಕುತ್ತಿಗೆ ತಿರುಗಿಸುತ್ತಿದ್ದ ರೀತಿ ಕಂಡಂತಾಗುತ್ತಿತ್ತು. ಆಮೇಲಾಮೇಲೆ ಬರೀ ಆರ್ಮಿಂಡಾ ಕಾಣತೊಡಗಿದಳು, ನಾನು ಯೋಚಿಸುವುದನ್ನು ಬಿಟ್ಟೆ. ಧಣಿ ಯುದ್ಧದಲ್ಲಿ ಸತ್ತರು, ಅಮ್ಮಾವ್ರು ಜ್ವರದಲ್ಲಿ. ಕೇಳಲು ಯಾರೂ ಉಳಿಯಲಿಲ್ಲ. ಕೇಳಬೇಕೆಂದು ನನಗೂ ಅನ್ನಿಸಲಿಲ್ಲ.

ಈಗ ದೇವರ ಪುಸ್ತಕದ ಮೇಲೆ ಕೈಯಿಟ್ಟು ಏನು ಹೇಳಲಿ? ನನ್ನವಳು ಎಂದರೆ ಸುಳ್ಳೇ? ಹಾಲು ಕೊಟ್ಟವಳು ನಾನು, ದಡಾರದಲ್ಲಿ ಹೊತ್ತವಳು ನಾನು, ಬಿಡುಗಡೆಯಾದ ದಿನ ಅವಳ ಕೈಹಿಡಿದು ತೋಟದ ಗೇಟು ದಾಟಿದವಳು ನಾನು. ನನ್ನವಳಲ್ಲ ಎಂದರೆ ಅದೂ ಸುಳ್ಳೇ. ಆದರೆ ಕೋರ್ಟಿಗೆ ಬೇಕಾದದ್ದು ರಕ್ತ. ರೊಸೆಟಾ ಹೆತ್ತಿದ್ದರೆ ನನ್ನ ಸುಳ್ಳಿನ ಒಳಗೆ ನಿಜವೇ ಇದೆ, ಆರ್ಮಿಂಡಾ ನಮ್ಮವಳೇ. ಆ ತಂಗಿ ಹೆತ್ತಿದ್ದರೆ? ಆಗಲೂ ನನ್ನ ಮಡಿಲಿಗೆ ಹಾಕಿದವರು ಅಮ್ಮಾವ್ರೇ ತಾನೆ, ನಿನ್ನದು ಎಂದವರು ಅವರೇ ತಾನೆ. ಆಗ ಬಿಳಿಯ ಹೆಂಗಸೊಬ್ಬಳು ಬಾಯಲ್ಲಿ ಹೇಳಿದರೆ ಮಗು ಆಳಾಗುತ್ತಿತ್ತು. ಈಗ ನಾನು ಬಾಯಲ್ಲಿ ಹೇಳಿದರೆ ಆಗುವುದಿಲ್ಲವೇ? ಹೀಗೆ ಯೋಚಿಸುತ್ತ ಒಂದು ದಿನ ಬಿಳಿ ಬಟ್ಟೆಗೆ ಎರಡು ಸಲ ನೀಲಿ ಹಾಕಿಬಿಟ್ಟೆ.

ಚರ್ಚಿನ ಹೆಂಗಸರು ತಮಗೆ ತಿಳಿದ ಉಪಾಯ ಹೇಳಿದರು. ಕೋರ್ಟು ಕೂರುವುದಕ್ಕೆ ಇನ್ನೂ ಕೆಲವು ವಾರವಿದೆ, ಆರ್ಮಿಂಡಾ ಟೋಪಿಯಿಲ್ಲದೆ ಬಿಸಿಲಲ್ಲಿ ಹತ್ತಿ ಬಿಡಿಸಲಿ, ಬಣ್ಣ ಕಪ್ಪಾಗುತ್ತದೆ ಎಂದರು. ಅವಳು ನಗುನಗುತ್ತಲೇ ಹೋದಳು. ಮೂಗಿನ ಮೇಲೆ ಸಿಪ್ಪೆ ಎದ್ದಿತು, ಮುಖ ಕೆಂಪಗೆ ಸುಟ್ಟುಕೊಂಡಿತು.

ಪಕ್ಕದ ಮನೆಯ ಕೆಜಾಯಾ ಬೇಲಿಯಾಚೆಯಿಂದ ನೋಡಿ, "ಏ ಹುಡ್ಗಿ, ನೀನು ಹಣ್ಣಾಗ್ತಾ ಇದೀಯೇ ಹೊರತು ಕಪ್ಪಾಗ್ತಾ ಇಲ್ಲ. ಇನ್ನೊಂದ್ ವಾರ ಬಿಟ್ರೆ ಹಕ್ಕಿ ಬಂದು ಕುಕ್ತವೆ," ಎಂದಳು.

ಆರ್ಮಿಂಡಾ ನಕ್ಕಳು. ಸಂಜೆ ನಾನು ಅವಳ ಮುಖಕ್ಕೆ ಹಂದಿಯ ಕೊಬ್ಬು ಸವರುವಾಗ ಕೇಳಿದಳು: "ಅವ್ವಾ, ನನ್ನ ಬಣ್ಣ ಯಾಕೆ ನಿನ್ನ ಮಾತು ಕೇಳಲ್ಲ?"

ನಾನು, ಮುಖ ಅಲ್ಲಾಡಿಸಬೇಡ, ಕಣ್ಣಿಗೆ ಹೋಗುತ್ತೆ ಎಂದೆ.

ಹಾಗೆಂದು ನಮ್ಮವರೆಲ್ಲರೂ ಒಂದೇ ಮನಸ್ಸಿನವರಾಗಿರಲಿಲ್ಲ. ಈ ಮುಖ ಇಟ್ಟುಕೊಂಡು ಬೇರೆ ಊರಿಗೆ ಹೋಗಿ ಬಿಳಿಯಳಾಗಿ ಬದುಕಬಹುದಿತ್ತಲ್ಲ, ನಮ್ಮ ಗಂಡಸನ್ನು ಯಾಕೆ ಸಂಕಟಕ್ಕೆ ಸಿಕ್ಕಿಸಿದಳು ಎಂದು ಗೊಣಗುವವರಿದ್ದರು. ಅದು ಐಶಮ್ ಕಿವಿಗೂ ಬಿತ್ತು. ಅವನು ನಿಧಾನ ಮಾತಿನವನು. "ನಾನೇ ಅವಳನ್ನ ಸಂಕಟಕ್ಕೆ ಸಿಕ್ಸಿದ್ದು. ಮತ ಹಾಕೋ ಗಂಡನ್ನ ಕಟ್ಕೊಂಡ್ಲು ನೋಡಿ, ಅದು ಅವಳ ತಪ್ಪು," ಎಂದ.

ಕೋರ್ಟಿನ ದಿನ ಮೇಲಿನ ಗ್ಯಾಲರಿ ನಮ್ಮವರಿಂದ ತುಂಬಿತ್ತು, ಕೆಳಗೆ ಬಿಳಿಯರು. ಪಂಚರ ಬೆಂಚಿನ ಮೇಲೆ ಕೂತ ಹನ್ನೆರಡು ಮಂದಿಯೂ ಬಿಳಿಯರೇ. ಕೆಲವು ವರ್ಷದ ಹಿಂದೆ ನಮ್ಮ ಪಾಂಪಿ ತಾತ ಅದೇ ಬೆಂಚಿನ ಮೇಲೆ ಕೂತು ಹಂದಿ ಕಳವಿನ ತೀರ್ಪು ಕೊಟ್ಟಿದ್ದ. ಈಗ ಅವನು ಸಾಕ್ಷಿಯಾಗಿ ಬಂದಿದ್ದ, ಅದೂ ಸರ್ಕಾರದ ಕಡೆಯಿಂದ. ಬೆಂಚಿನ ಮುಖಗಳನ್ನು ನೋಡಿದೆ. ಅರ್ಧಕ್ಕರ್ಧ ಮಂದಿ ನನಗೆ ಗೊತ್ತು. ಬೇಟೆಯ ಕಾಲದಲ್ಲಿ, ಕ್ರಿಸ್‌ಮಸ್ಸಿನಲ್ಲಿ ಸ್ಟ್ಯಾಂಡಿಫರ್ ತೋಟಕ್ಕೆ ಬಂದು ವಾರಗಟ್ಟಲೆ ತಂಗುತ್ತಿದ್ದವರು. ಅವರ ಅಂಗಿಗಳನ್ನು ಆಗಲೂ ನಾನೇ ಒಗೆಯುತ್ತಿದ್ದೆ, ಈಗಲೂ ನಾನೇ.

ಸರ್ಕಾರಿ ವಕೀಲ ವಿಂಬರ್ಲಿ ಎಂಬ ಹುಡುಗಪ್ರಾಯದವನು, ಉತ್ತರದ ಗುಡ್ಡಗಾಡಿನ ಕಡೆಯಿಂದ ಹೊಸದಾಗಿ ಬಂದವನು. ಅಲ್ಲಿ ಹತ್ತಿ ತೋಟಗಳಿಲ್ಲ, ಆಳುಗಳನ್ನು ಇಟ್ಟುಕೊಂಡವರೂ ಕಡಿಮೆ. ಅವನು ಆರ್ಮಿಂಡಾಳನ್ನು ನಿಲ್ಲಿಸಿ ಉಗುರು ತೋರಿಸು ಎಂದ. ಜಡೆ ಎತ್ತಿ ಕತ್ತಿನ ಹಿಂಭಾಗ ತೋರಿಸು ಎಂದ. ಬೂಟು ಬಿಚ್ಚು ಎಂದ. ಕರಿಯರ ಹಿಮ್ಮಡಿ ಬೇರೆ ಥರ ಇರುತ್ತದೆಂದು ಡಾಕ್ಟರೊಬ್ಬರು ಹೇಳಿದರು. ಪಂಚರು ಒಬ್ಬೊಬ್ಬರಾಗಿ ಬಗ್ಗಿ ನನ್ನ ಮಗಳ ಹಿಮ್ಮಡಿ ನೋಡಿದರು. ಮಾರುವ ಕಟ್ಟೆಯ ಮೇಲೆ ನಮ್ಮನ್ನು ಹೀಗೆಯೇ ನೋಡುತ್ತಿದ್ದರು. ಆರ್ಮಿಂಡಾ ಅದನ್ನು ಕಂಡವಳಲ್ಲ. ಅವಳು ಗೋಡೆಯ ಗಡಿಯಾರ ನೋಡುತ್ತ ನಿಂತಳು. ಐಶಮ್ ತನ್ನ ಎರಡು ಅಂಗೈಗಳನ್ನು ನೋಡುತ್ತ ಕೂತ.

ಆಮೇಲೆ ಪಾಂಪಿ ತಾತನನ್ನು ಕರೆದರು. ಅವನು ಅದೇ ತೋಟದ ಕುದುರೆ ಲಾಯದಲ್ಲಿದ್ದವನು. ನನ್ನ ಮಗು ಸತ್ತದ್ದು ಅವನಿಗೆ ಗೊತ್ತಿತ್ತು. ಅದನ್ನು ಹೂಳಿದ ಪೆಟ್ಟಿಗೆ ಮಾಡಿದವನೇ ಅವನು.

ಈ ಹೆಂಗಸಿಗೆ ತೋಟದಲ್ಲಿ ಮಗು ಹುಟ್ಟಿತ್ತೇ ಎಂದು ವಿಂಬರ್ಲಿ ಕೇಳಿದ.

"ಹುಟ್ಟಿತ್ತು ಸ್ವಾಮಿ. ಹೆಣ್ಣು ಮಗು. ಈ ಕಣ್ಣಲ್ಲೇ ನೋಡಿದೀನಿ. ಬೆಕ್ಕಿನ ಮರಿಯಷ್ಟಿತ್ತು. ಅಂಗೈ ಮುಷ್ಟಿ ಹಿಡ್ಕೊಂಡೇ ಇರ್ತಿತ್ತು, ಬಿಡಿಸಿದ್ರೆ ಮತ್ತೆ ಹಿಡ್ಕೊಳ್ಳದು."

ಆ ಮಗು ಇದೇ ಹೆಂಗಸೇ, ಸರಿಯಾಗಿ ನೋಡಿ ಹೇಳು ಎಂದ ವಿಂಬರ್ಲಿ.

ಪಾಂಪಿ ತಾತ ಕಣ್ಣು ಕಿರಿದು ಮಾಡಿ ಆರ್ಮಿಂಡಾಳನ್ನು ಬಹಳ ಹೊತ್ತು ನೋಡಿದ. "ಏನ್ ಹೇಳ್ಲಿ ಸ್ವಾಮಿ. ಅಷ್ಟು ಸಣ್ಣದಿದ್ದಾಗ ನೀವೂ ನಾನೂ ಎಲ್ರೂ ಒಂದೇ ಥರ ಕಾಣ್ತೀವಿ."

ಗ್ಯಾಲರಿಯಲ್ಲಿ ನಗು ಎದ್ದಿತು. ನ್ಯಾಯಾಧೀಶರೂ ಮೀಸೆಯಡಿ ನಕ್ಕರು. ನಾನು ಮಾತ್ರ ಅಳತೊಡಗಿದ್ದೆ. ಆ ಮುಷ್ಟಿ ನನಗೆ ಮರೆತೇಹೋಗಿತ್ತು. ಹೆಸರಿಲ್ಲದೆ ಹೋದ ನನ್ನ ಕೂಸಿನ ಬಗ್ಗೆ ಈ ಲೋಕದಲ್ಲಿ ಯಾರೂ ಎಂದೂ ಒಂದು ಮಾತಾಡಿರಲಿಲ್ಲ. ಮೊದಲ ಸಲ ಮಾತಾಡಿದ್ದು ಈ ತುಂಬಿದ ಕೋರ್ಟಿನಲ್ಲಿ, ಅದೂ ಇನ್ನೊಬ್ಬಳ ಲೆಕ್ಕಕ್ಕೆ ಜಮೆಯಾಗಲೆಂದು. ನಾನು ಯಾವ ಮಗಳಿಗಾಗಿ ಅಳುತ್ತಿದ್ದೇನೆಂದು ಅಲ್ಲಿದ್ದವರಲ್ಲಿ ತಾತನಿಗೆ ಬಿಟ್ಟು ಯಾರಿಗೂ ತಿಳಿಯದು. ಪಂಚರು ನನ್ನ ಕಣ್ಣೀರು ನೋಡಿದರು.

ಆ ಕಣ್ಣೀರಿನಲ್ಲೇ ನನ್ನನ್ನು ಕಟಕಟೆಗೆ ಹತ್ತಿಸಿದರು. ಪುಸ್ತಕದ ಮೇಲೆ ಕೈಯಿಡಿಸಿದರು. ಡ್ಯಾಂಡ್ರಿಜ್ ವಕೀಲರು ಆರ್ಮಿಂಡಾಳತ್ತ ಕೈ ತೋರಿಸಿ ಕೇಳಿದ್ದು ಇಷ್ಟೇ: "ಟೆಂಪಿ, ಅವಳು ಯಾರವಳು?"

"ನನ್ನವಳು," ಎಂದೆ.

ವಕೀಲರು ಕೂತುಬಿಟ್ಟರು. ವಿಂಬರ್ಲಿ ಎದ್ದ. ಅವನು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ನಾನು ವಾರಗಟ್ಟಲೆ ಮನಸ್ಸಿನಲ್ಲಿ ಕೇಳಿಕೊಂಡಿದ್ದೆ. ನೀನೇ ಹೆತ್ತೆಯಾ, ಎಲ್ಲಿ ಹೆತ್ತೆ, ಸೂಲಗಿತ್ತಿ ಯಾರು. ಅವನು ಅದೊಂದನ್ನೂ ಕೇಳಲಿಲ್ಲ. ನನ್ನ ಕಪ್ಪು ಮುಖವನ್ನೂ ಆರ್ಮಿಂಡಾಳ ಮುಖವನ್ನೂ ಒಂದಾದ ಮೇಲೊಂದು ತೋರಿಸಿ, ಪಂಚರ ಕಡೆ ತಿರುಗಿ, ಬಹಳ ಜಾಣತನದ ಪ್ರಶ್ನೆ ಎಂಬಂತೆ ದೊಡ್ಡ ದನಿಯಲ್ಲಿ ಕೇಳಿದ.

"ಹಾಗಾದ್ರೆ ಹೇಳು, ಇವಳ ಅಪ್ಪ ಯಾರು? ಅವನ ಹೆಸರೇನು?"

ನಾನು ಸುಮ್ಮನಾದೆ.

ಆ ಪ್ರಶ್ನೆಯನ್ನು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಆಳುಗಳ ಸಾಲಿನಲ್ಲಿ ಬೆಳ್ಳಗಿನ ಕೂಸು ಹುಟ್ಟಿದರೆ ಅಜ್ಜಿಯೂ ಕೇಳುತ್ತಿರಲಿಲ್ಲ, ಗಂಡನೂ ಕೇಳುತ್ತಿರಲಿಲ್ಲ. ದೊಡ್ಡಮನೆಯ ಅಮ್ಮಾವ್ರಂತೂ ಮೊದಲೇ ಕೇಳುತ್ತಿರಲಿಲ್ಲ. ಬಾಯಿ ತಪ್ಪಿ ಧಣಿಯದೋ ಅವರ ಅತಿಥಿಗಳದೋ ಹೆಸರು ಹೇಳಿದವಳ ಬೆನ್ನಿನ ಚರ್ಮ ಸುಲಿದಿದ್ದನ್ನು ನಾವೆಲ್ಲ ನೋಡಿದ್ದೆವು. ಹಾಗಾಗಿ ಆ ಪ್ರಶ್ನೆ ಕಿವಿಗೆ ಬಿದ್ದೊಡನೆ ನನ್ನ ಬಾಯಿ ತಾನೇ ಮುಚ್ಚಿಕೊಂಡಿತು, ಬಿಸಿ ತಾಗಿದ ಕೈ ತಾನೇ ಹಿಂದೆ ಸರಿದ ಹಾಗೆ. ಜೊತೆಗೆ ನನಗೆ ಉತ್ತರವೂ ಗೊತ್ತಿರಲಿಲ್ಲ. ರೊಸೆಟಾಳೇ ಹೆತ್ತಿದ್ದರೆ ಯಾರಿಂದ? ಆ ತಂಗಿಯಾದರೆ ಯಾರಿಂದ? ನಾನು ಸುಮ್ಮನಿದ್ದದ್ದು ಅಭ್ಯಾಸದಿಂದಲೋ ತಿಳಿಯದೆಯೋ, ಅದನ್ನು ಈಗಲೂ ಬೇರೆ ಮಾಡಿ ಹೇಳಲಾರೆ.

ಆದರೆ ಆ ಮೌನವನ್ನು ಓದಲು ಕೋರ್ಟಿನಲ್ಲಿ ಎಲ್ಲರಿಗೂ ಬರುತ್ತಿತ್ತು. ಗ್ಯಾಲರಿಯಲ್ಲಿ ಬೀಸಣಿಗೆಗಳು ನಿಂತವು. ಕೆಳಗೆ ಕೂತ ಬಿಳಿ ಹೆಂಗಸರು ಕೈಚೀಲದೊಳಗೆ ಏನನ್ನೋ ಹುಡುಕತೊಡಗಿದರು. ಪಂಚರ ಬೆಂಚಿನ ಮೇಲೆ ಒಬ್ಬ ತನ್ನ ಬೂಟನ್ನು ನೋಡಿದ, ಅವನ ಪಕ್ಕದವನು ಕಿಟಕಿಯಾಚೆ ನೋಡಿದ, ಇನ್ನೊಬ್ಬ ಸುಮ್ಮಸುಮ್ಮನೆ ಕೆಮ್ಮಿದ. ನಾನು ಯಾರ ಮೇಲೂ ಕಣ್ಣಿಡಬಾರದೆಂದು ಎದುರಿನ ಗೋಡೆ ನೋಡುತ್ತಿದ್ದೆ. ಆದರೂ ಪ್ರತಿಯೊಬ್ಬನಿಗೂ ನಾನು ತನ್ನನ್ನೇ ನೋಡುತ್ತಿದ್ದೇನೆ ಎನಿಸಿರಬೇಕು.

ವಿಂಬರ್ಲಿಗೆ ಮಾತ್ರ ಏನೂ ಅರ್ಥವಾಗಿರಲಿಲ್ಲ. ಪ್ರಮಾಣ ಮಾಡಿದ್ದೀಯ, ಹೆಸರು ಹೇಳಲೇಬೇಕು ಎಂದು ಒತ್ತಾಯಿಸಿದ.

"ಸಾಕು ಕೂತ್ಕೊಳ್ಳಿ ವಿಂಬರ್ಲಿ," ಎಂದರು ನ್ಯಾಯಾಧೀಶರು. "ಸಾಕ್ಷಿ ಉತ್ತರ ಕೊಡಬೇಕಾಗಿಲ್ಲ. ಟೆಂಪಿ, ಕೆಳಗಿಳಿ."

ಪಂಚರು ಎದ್ದು ಒಳಕೋಣೆಗೆ ಹೋದರು. ನಾವು ನೀರು ಕುಡಿದು ಬರುವುದರೊಳಗೆ ವಾಪಸು ಬಂದಿದ್ದರು. ಅಪರಾಧ ರುಜುವಾತಾಗಿಲ್ಲ. ಐಶಮ್ ಎದ್ದು ನಿಂತ, ಕೂತ, ಮತ್ತೆ ಎದ್ದು ನಿಂತ. ಆರ್ಮಿಂಡಾ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಗಂಟು ಬೀಳುತ್ತಿರಲಿಲ್ಲ.

ಹೊರಗೆ ಡ್ಯಾಂಡ್ರಿಜ್ ವಕೀಲರನ್ನು ಕೇಳಿದೆ: ಹಾಗಾದರೆ ಅವಳು ಬಣ್ಣದವಳು ಎಂದು ತೀರ್ಪಾಯಿತೇ? ಹಾಗೇನಿಲ್ಲ, ಬಿಳಿಯಳೆಂದು ರುಜುವಾತಾಗಿಲ್ಲ ಅಷ್ಟೇ ಎಂದರು. ಎರಡಕ್ಕೂ ವ್ಯತ್ಯಾಸವೇನು ಎಂದೆ. ಅವರು ಕೇಳುವ ಕಿವಿಯನ್ನು ನನ್ನತ್ತ ತಿರುಗಿಸಿದರು. ಆಮೇಲೆ, ಆರ್ಮಿಂಡಾ, ಐಶಮ್ ಗಂಡಹೆಂಡಿರಾಗಿ ಬಾಳುತ್ತಿರುವಷ್ಟು ದಿನ ಯಾವ ಕಾಲದಲ್ಲಾದರೂ ಹೊಸ ಆಪಾದನೆ ತರಬಹುದು, ಇನ್ನೊಮ್ಮೆ ಬಂದಾಗ ಇದನ್ನೇ ಹೇಳು, ಹೆಚ್ಚು ಹೇಳಬೇಡ ಎಂದರು. ನಾನು ಏನು ಹೇಳಿದ್ದೆ?

ಮುಂದಿನ ಸೋಮವಾರ ಒಗೆಯುವ ಬಟ್ಟೆ ತರಲು ಬಿಳಿಯರ ಮನೆಗಳಿಗೆ ಹೋದೆ. ಪೆಟಿಗ್ರೂ ಅವರ ಮನೆಯಲ್ಲಿ ಬಟ್ಟೆಯಿಲ್ಲ ಎಂದರು. ಗುದಾಮಿನ ಯಜಮಾನರ ಮನೆಯಲ್ಲಿ ಬಾಗಿಲೇ ತೆಗೆಯಲಿಲ್ಲ. ಡಾಕ್ಟರ ಹೆಂಡತಿ ಹಿತ್ತಿಲ ಮೆಟ್ಟಿಲ ಮೇಲೆ ನಿಂತು, ಅತ್ತು ಕೆಂಪಾದ ಕಣ್ಣಿನಲ್ಲಿ, ಇನ್ನು ಬರಬೇಡ ಎಂದಳು. ಒಬ್ಬೊಬ್ಬಳೂ ಆರ್ಮಿಂಡಾಳ ಅಪ್ಪ ತನ್ನ ಗಂಡನೇ ಎಂದುಕೊಂಡಿದ್ದಳು. ಅಲ್ಲ ತಾಯಿ ಎಂದು ಹೇಳುವ ಹಾಗಿತ್ತೇ? ಅಲ್ಲ ಎನ್ನಲು ನನಗಾದರೂ ಏನು ಗೊತ್ತು?

ನಮ್ಮವರಲ್ಲಿ ನನಗೆ ಗೌರವ ಹೆಚ್ಚಿತು. ಚರ್ಚಿನಲ್ಲಿ ಹೆಂಗಸರು ಮುಂದಿನ ಬೆಂಚಿನಲ್ಲಿ ಜಾಗ ಬಿಟ್ಟರು. ಬೇಲಿಯಾಚೆಯಿಂದ ಸದಾ ಕೆಣಕುತ್ತಿದ್ದ ಕೆಜಾಯಾ ಒಂದು ತಟ್ಟೆ ಸುಟ್ಟ ಗೆಣಸು ತಂದಿಟ್ಟು, ನನ್ನ ಭುಜ ಮುಟ್ಟಿ ಹೋದಳು. ಅವಳ ಇಬ್ಬರು ಮಕ್ಕಳೂ ಬೆಳ್ಳಗಿದ್ದಾರೆ. ಆ ಗೆಣಸನ್ನು ನಾನು ತಿನ್ನಬಹುದೇ ಬಾರದೇ ಎಂದು ನೋಡುತ್ತ ಕೂತೆ. ನನ್ನ ಮೇಲೂ ಆ ಕಾಲದಲ್ಲಿ ನಡೆದದ್ದು ನಡೆದಿದೆ, ನಾನೇನೂ ತಪ್ಪಿಸಿಕೊಂಡವಳಲ್ಲ. ಆದರೆ ಅದರಿಂದ ಹುಟ್ಟಿದವಳು ಇವಳಲ್ಲ. ಹಾಗಾದರೆ ಈ ಸಂಕಟ ನನ್ನದೋ, ನಾನು ಎರವಲು ಪಡೆದದ್ದೋ?

ಬುಧವಾರ ಆರ್ಮಿಂಡಾ ಬಂದಳು. ಕೊಳಗದಡಿ ಬೆಂಕಿಯಿರಲಿಲ್ಲ. ಒಗೆಯಲು ನಮ್ಮ ಬಟ್ಟೆ ಮಾತ್ರ ಇತ್ತು. ಅವಳು ನನ್ನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಬಹಳ ದಿನದಿಂದ ಕಟ್ಟಿಟ್ಟುಕೊಂಡ ಮಾತನ್ನು ನಿಧಾನವಾಗಿ ಹೇಳಿದಳು.

"ಅವನ ಹೆಸರು ನಂಗೆ ಬೇಡ ಅವ್ವ. ನಾನು ಕೇಳಲ್ಲ, ನೀನೂ ಹೇಳ್ಬೇಡ. ಒಂದು ಮಾತ್ರ ಹೇಳು. ಇಷ್ಟು ವರ್ಷ ನನ್ನ ಮುಖ ಹೆಂಗೆ ನೋಡ್ದೆ? ದಿನ ಬೆಳಗಾದ್ರೆ ಈ ಮುಖದಲ್ಲಿ ಅವನೇ ಕಾಣ್ತಿದ್ನಲ್ಲ."

"ನಿನ್ನ ಮುಖದಲ್ಲಿ ನಾನು ಅಂಥವ್ನ ಯಾರನ್ನೂ ಕಂಡಿಲ್ಲ ಕಣೆ. ಒಂದ್ ದಿನಾನೂ ಕಂಡಿಲ್ಲ."

ಅದು ಆಣೆಯಿಟ್ಟು ಹೇಳಬಹುದಾದ ನಿಜ. ಅವಳು ಅದನ್ನು ನನ್ನ ದೊಡ್ಡತನ ಎಂದುಕೊಂಡಳು. ನನ್ನ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು, ಕೋರ್ಟಿನಲ್ಲಿ ಅಳದವಳು ಈಗ ಬಿಕ್ಕಿಬಿಕ್ಕಿ ಅತ್ತಳು. ತನಗಾಗಿ ಅಲ್ಲ, ನನಗಾಗಿ. ನನ್ನ ಬಾಯಿಯಿಂದ ಬಂದ ನಿಜವೂ ಅವಳ ಕಿವಿಗೆ ಹೋಗುವಷ್ಟರಲ್ಲಿ ಬೇರೆ ಏನೋ ಆಗಿರುತ್ತಿತ್ತು. ಹೇಳಿಬಿಡಲೇ ಎನಿಸಿತು. ನಾನು ನಿನ್ನನ್ನು ಹೆತ್ತವಳಲ್ಲ, ಈ ಅಳು ಮೊಬೀಲಿಗೆ ಮಾರಿಹೋದ ಒಬ್ಬಳಿಗೆ ಸಲ್ಲಬೇಕು, ಅಥವಾ ಮಹಡಿಯ ಕೋಣೆಯಿಂದ ಇಳಿಯದ ಒಬ್ಬಳಿಗೆ, ಯಾರಿಗೋ ನನಗೆ ತಿಳಿಯದು ಎಂದು. ಹೇಳಿದರೆ ನಾಳೆ ಅವಳನ್ನೇ ಕಟಕಟೆಗೆ ಹತ್ತಿಸಿ ಪುಸ್ತಕ ಮುಟ್ಟಿಸಿದರೆ? ಗೊತ್ತಿರುವುದನ್ನು ಮುಚ್ಚಿಡಲು ಆರ್ಮಿಂಡಾಗೆ ಬರುವುದಿಲ್ಲ. ಅದನ್ನು ನಾನು ಅವಳಿಗೆ ಕಲಿಸಿಲ್ಲ. ಅವಳು ಐಶಮ್ ಜೊತೆ ಬಾಳುವಷ್ಟು ದಿನ ನಾನು ಹೇಳುವಂತಿಲ್ಲ. ಅವರಿಬ್ಬರ ಬಾಳು ನೂರು ವರ್ಷ ಇರಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ಹಾಗೆ ಬೇಡುವಾಗ ನನ್ನ ಮಗಳು ತನ್ನ ತಾಯಿ ಯಾರೆಂದು ಎಂದೂ ಕೇಳದಿರಲಿ ಎಂದೂ ಬೇಡುತ್ತಿದ್ದೇನೆ. ಎರಡರಲ್ಲಿ ನನಗೆ ಯಾವುದು ಹೆಚ್ಚು ಬೇಕು?

"ಅವ್ವಾ, ಏನಾದ್ರೂ ಮಾತಾಡು," ಎಂದಳು.

ಮೂಗು ಒರೆಸಿಕೋ ಎಂದೆ. ಅವಳು ನನ್ನ ಏಪ್ರನ್ನಿನ ತುದಿ ಎಳೆದುಕೊಂಡು ಒರೆಸಿಕೊಂಡಳು.